ಸುಣ್ಣದ ಬೊಟ್ಟಿನ ಮಟ್ಟೆ

ಹೋದ ತಿಂಗಳು ಕಣ್ಣು ತೋರಿಸಲೆಂದು ತಿಪಟೂರಿಗೆ ಹೋಗಿದ್ದೆ. ಡಾಕ್ಟರು ಬರುವುದು ತಡವೆಂದರು. ಪಕ್ಕದ ಬೀದಿಯಲ್ಲಿ ಹೊಸದಾಗಿ ಕಟ್ಟಿಸಿದ ದೇವಸ್ಥಾನವಿತ್ತು, ಅಲ್ಲಿ ಹೋಗಿ ಕೂತೆ. ನೆಲಕ್ಕೆ ಗ್ರಾನೈಟು, ಕಂಬಿಗೆ ಸ್ಟೀಲು, ದಾನಿಗಳ ಹೆಸರು ಕೆತ್ತಿದ ಕಲ್ಲು ದೇವರಿಗಿಂತ ಎತ್ತರ. ಎಲ್ಲ ಚೆನ್ನಾಗಿತ್ತು, ದೀಪದ ಎಣ್ಣೆಯೊಂದನ್ನು ಬಿಟ್ಟು. ಹಸಿ ಆರದ ಕೊಬ್ಬರಿಯಿಂದ ತೆಗೆದ ಎಣ್ಣೆ ಅದು. ಬತ್ತಿ ಚಟಚಟ ಅನ್ನುತ್ತಿತ್ತು, ಕಮಟು ವಾಸನೆ ಗರ್ಭಗುಡಿಯಿಂದ ಬಾಗಿಲವರೆಗೂ ಬರುತ್ತಿತ್ತು. ದೇವರಿಗೆ ಮೂಗಿಲ್ಲವೆಂದು ಇವರಿಗೆ ಯಾರು ಹೇಳಿದರೋ! ಕೈಮುಗಿಯುವುದನ್ನು ಮರೆತು ಆ ವಾಸನೆಯನ್ನೇ ಕುಡಿಯುತ್ತ ಕೂತುಬಿಟ್ಟೆ. ನಲವತ್ತು ವರ್ಷಕ್ಕೂ ಹಿಂದೆ ನಮ್ಮೂರ ಬಸವಣ್ಣನ ಗುಡಿಯಲ್ಲಿ ಇದೇ ವಾಸನೆ ಎದ್ದಿತ್ತು. ಆ ವಾಸನೆಗೆ ಕಾರಣರಾದವರಲ್ಲಿ ನಾನೂ ಒಬ್ಬಳು.

ನಮ್ಮೂರು ದಂಡಿನಶಿವರದಿಂದ ಎರಡು ಮೈಲಿ ಒಳಗೆ. ನಾನು ಮದುವೆಯಾಗಿ ಅಲ್ಲಿಗೆ ಹೋದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ. ನಾನು ಹೇಳಹೊರಟಿರುವುದು ಅದರ ಮರುವರ್ಷದ ಮಾತು, ಯುಗಾದಿಯಿಂದ ಕಾರ್ತಿಕದವರೆಗಿನ ಎಂಟು ತಿಂಗಳು. ನಮ್ಮ ಮಾವ ರುದ್ರಯ್ಯನವರು ಬಸವಣ್ಣನ ಗುಡಿಯ ಪೂಜಾರಿ. ಅವರ ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಅದೇ ಗುಡಿಯಲ್ಲಿ ಗಂಟೆ ಬಾರಿಸಿ ಮುದುಕರಾದವರು. ಗುಡಿಯ ಬೀಗದ ಕೈ ಸದಾ ಅವರ ಉಡಿದಾರದಲ್ಲೇ ನೇತಾಡುತ್ತಿತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಮಾವನವರಿಗೆ ಇನ್ನೊಂದು ಹೆಸರಿತ್ತು, ಕಿವಿ ರುದ್ರಯ್ಯ. ಕೊಬ್ಬರಿ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಹೊರಗಿನ ನಾರಿನ ಸಿಪ್ಪೆ ಸುಲಿಯದೆ, ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಣಗಿದ್ದರೆ ಗಡಗಡ ಅನ್ನುತ್ತದೆ. ನೀರಿದ್ದರೆ ಒಂದು ಸದ್ದು, ಕೊಳೆತಿದ್ದರೆ ಒಂದು ಸದ್ದು. ಮಾವನವರು ಕಣ್ಣು ಮುಚ್ಚಿಕೊಂಡು ಒಂದೇ ಸಲ ಅಲ್ಲಾಡಿಸಿ, ಇನ್ನೆಷ್ಟು ದಿನ ಬೇಕೆಂದು ಹೇಳಿಬಿಡುತ್ತಿದ್ದರು. ತಿಪಟೂರಿನ ಮಂಡಿಯವರೂ ತಗಾದೆ ಬಂದಾಗ ಅವರಿಗೆ ಹೇಳಿ ಕಳಿಸುತ್ತಿದ್ದುದುಂಟು.

ನಮ್ಮೂರಲ್ಲಿ ತೋಟವಿದ್ದ ಪ್ರತಿಯೊಂದು ಮನೆಯವರೂ ಒಂದು ಮರವನ್ನು ಬಸವಣ್ಣನಿಗೆ ಮೀಸಲು ಬಿಡುತ್ತಿದ್ದರು. ಆ ಮರದ ಕಾಯಿ ಕಿತ್ತ ದಿನವೇ ಮಟ್ಟೆಯ ಮೇಲೆ ಸುಣ್ಣದ ಬೊಟ್ಟಿಟ್ಟು ಗುಡಿಯ ಅಟ್ಟಕ್ಕೆ ತಂದು ಹಾಕುವುದು ವಾಡಿಕೆ. ವರ್ಷ ತುಂಬಿದ ಮೇಲೆ ಅದೇ ಕೊಬ್ಬರಿಯ ಎಣ್ಣೆ ದೇವರ ದೀಪಕ್ಕೆ, ಅದೇ ಕೊಬ್ಬರಿ ಬೆಲ್ಲದ ಜೊತೆ ಶ್ರಾವಣದ ಮೊದಲ ಸೋಮವಾರ ಊರಿಗೆಲ್ಲ ಪ್ರಸಾದ. ಸುಲಿದ ಮಟ್ಟೆಯನ್ನು ಕೂಡ ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಬೊಟ್ಟಿನ ಮಟ್ಟೆ ಮನೆಯ ಒಲೆಗೆ ಬಿದ್ದರೆ ಆ ಮನೆಗೆ ಒಳ್ಳೆಯದಲ್ಲ ಅನ್ನುತ್ತಿದ್ದರು. ಕಾರ್ತಿಕದಲ್ಲಿ ಗುಡಿಯ ಮುಂದೆಯೇ ಅದನ್ನು ಸುಡಬೇಕು.

ಮಾವನವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ಗಂಗಣ್ಣ, ಚಿಕ್ಕವರು ನಂಜಪ್ಪ. ನಂಜಪ್ಪ ನಮ್ಮೆಜಮಾನರು. ಗಂಗಣ್ಣ ಬಾವನವರಿಗೆ ಮಾತು ಜೋರು, ಗುಡಿಯೆಂದರೆ ತಮ್ಮಪ್ಪನ ಆಸ್ತಿ ಎನ್ನುವ ಭಾವ. ಯಾವ ತೋಟದಲ್ಲಿ ಕಾಯಿ ಕೀಳುತ್ತಿದ್ದಾರೆಂದು ತಿಳಿದರೂ ಮೊದಲೇ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಮೀಸಲು ಮರದ್ದು ಸಣ್ಣದಾಗಿ ಕಂಡರೆ, "ದೇವ್ರಿಗೆ ಇದಾ ಕೊಡೋದು? ಆ ರಾಶೀದು ಕೊಡು, ಇಲ್ದಿದ್ರೆ ನಾನೇ ತಗೊಂಡೋಯ್ತೀನಿ" ಅಂತ ಬೇರೆ ರಾಶಿಗೇ ಕೈಹಾಕುವರು. ದೇವರ ಹೆಸರು ಹೇಳಿದರೆ ಯಾರು ತಾನೇ ಬಾಯಿ ಬಿಟ್ಟಾರು? ಹಾಗೆ ತಂದ ಒಳ್ಳೆಯ ಕಾಯಿ ಗುಡಿಯ ಅಟ್ಟದಲ್ಲಿ ಒಣಗಿ ಗಡಗಡ ಅನ್ನುವ ಹೊತ್ತಿಗೆ ನಮ್ಮ ಮನೆಗೆ ಬರುತ್ತಿತ್ತು. ನಮ್ಮ ಅಟ್ಟದ ಸೊಟ್ಟ, ಮುರುಟು, ಹಸಿ ಆರದ ಕಾಯಿ ಸುಣ್ಣದ ಬೊಟ್ಟಿಡಿಸಿಕೊಂಡು ಗುಡಿಯ ಅಟ್ಟಕ್ಕೆ ಹೋಗುತ್ತಿತ್ತು. ಮಾವನವರು ಬಾಗಿಲು ತೆಗೆದು ಒಳಗೆ ಪೂಜೆಯಲ್ಲಿದ್ದಾಗ ಚೀಲ ಹೊರುವುದು ನಮ್ಮೆಜಮಾನರ ಕೆಲಸ, ಆರಿಸಿ ಕೊಡುವುದು ನನ್ನ ಕೆಲಸ.

ಹೌದು, ನನ್ನದೂ ಕೈಯಿತ್ತು. ನಾನೇನೂ ಅರಿಯದ ಹೆಣ್ಣು ಎಂದು ಈಗ ಹೇಳಿಕೊಂಡರೆ ನನ್ನ ನಾಲಿಗೆಯೇ ನಗುತ್ತದೆ. ಮೊದಲ ಸಲ ಎದೆ ಢವಢವ ಅಂದಿತ್ತು. ಎರಡನೆಯ ಸಲಕ್ಕೆ ಒಂದು ಟ್ರಾನ್ಸಿಸ್ಟರ್ ರೇಡಿಯೋ ಬಂತು, ನನಗೊಂದು ಹಸಿರು ಸೀರೆ ಬಂತು, ಎದೆ ಸುಮ್ಮನಾಯಿತು. ನಮ್ಮೆಜಮಾನರು ಕೆಟ್ಟವರಲ್ಲ. ನಗುತ್ತ ನಗಿಸುತ್ತ ಇರುವ ಮನುಷ್ಯ, ಅಣ್ಣ ಹಾಕಿದ ಗೆರೆ ದಾಟದವರು. "ಬಸವಣ್ಣ ಏನ್ ಕೊಬ್ರಿ ಕಡೀತಾನಾ ಬುಡೇ" ಅನ್ನುವರು. ನಾನೂ ನಕ್ಕುಬಿಡುತ್ತಿದ್ದೆ.

ಮಾವನವರಿಗೆ ತಿಳಿಯದೇ ಇತ್ತೇ? ದೀಪ ಚಟಗುಟ್ಟಿದ್ದು ಆ ಕಿವಿಗೆ ಕೇಳದೇ ಇತ್ತೇ? ಒಮ್ಮೆ ಊಟದ ನಡುವೆ ತಲೆ ಎತ್ತದೆ, "ಏನೇನೋ ಮಾತು ಕಿವಿಗೆ ಬೀಳ್ತಾ ಐತೆ. ಹಂಗೆಲ್ಲ ಮಾಡಬ್ಯಾಡ್ರಪ್ಪ" ಅಂದರು. ಗಂಗಣ್ಣ ಬಾವನವರು ಮಜ್ಜಿಗೆ ಬಡಿಸಿಕೊಳ್ಳುತ್ತ "ಜನ ಏನ್ ಬೇಕಾರೂ ಅಂತಾರೆ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ತಾಯಿಲ್ಲದ ಮಕ್ಕಳೆಂದು ಎತ್ತಿ ಆಡಿಸಿದವರು, ಈಗ ಗದರಿಸಲು ಅವರಿಗೆ ಬಾಯಿಯೇ ಬರುತ್ತಿರಲಿಲ್ಲ.

ಆ ಯುಗಾದಿ ಕಳೆದ ಮೇಲೆ ನಮ್ಮೂರ ಶಾಲೆಗೆ ಸುಗುಣಮ್ಮ ಟೀಚರ್ ವರ್ಗವಾಗಿ ಬಂದರು. ನಲವತ್ತೈದರ ಆಸುಪಾಸು, ಬಿಳಿ ಸೀರೆ, ದಪ್ಪ ಕನ್ನಡಕ. ಕ್ರಿಸ್ತರವರು ಎಂದು ತಿಳಿದದ್ದೇ ತಡ, ಖಾಲಿಯಿದ್ದ ಮನೆಗಳೆಲ್ಲ ಒಂದೇ ದಿನದಲ್ಲಿ ತುಂಬಿಹೋದವು! ಮೂರು ದಿನ ಅವರು ಶಾಲೆಯಲ್ಲೇ ಮಲಗಿದರು. ನಾಲ್ಕನೆಯ ದಿನ ಮಾವನವರು ಹೋಗಿ ಅವರ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ನಮ್ಮ ಜಗಲಿ ಪಕ್ಕದ ಕೋಣೆಯಲ್ಲಿ ಇಟ್ಟರು. ಊರವರು ಗೊಣಗಿದ್ದಕ್ಕೆ, "ನಮ್ ಮಕ್ಳಿಗೆ ಅಕ್ಷರ ಹೇಳಿಕೊಡೋಳು ಬೀದೀಲಿ ಮಲಗಿದ್ರೆ ಬಸವಣ್ಣ ನನ್ ಕೈಲಿ ಪೂಜೆ ಮಾಡಿಸ್ಕೊತಾನಾ?" ಅಂದರು. ಮಕ್ಕಳ ಮುಂದೆ ಮೆತ್ತಗಾಗುತ್ತಿದ್ದ ಅದೇ ಮನುಷ್ಯ ಊರಿನ ಮುಂದೆ ಹೀಗಿದ್ದರು.

ಸಂಜೆ ನಾನು ಜಗಲಿಯಲ್ಲಿ ಕೂತು ಕೊಬ್ಬರಿಯ ಸಿಪ್ಪೆ ಹೆರೆಯುವಾಗ ಟೀಚರ್ ತಾವೂ ಒಂದು ಚಾಕು ಹಿಡಿದು ಬಂದು ಕೂರುತ್ತಿದ್ದರು. ಹೆರೆಯಲು ಬರುತ್ತಿರಲಿಲ್ಲ, ಅರ್ಧ ಕೊಬ್ಬರಿ ಸಿಪ್ಪೆಯ ಜೊತೆಗೇ ಹೋಗುತ್ತಿತ್ತು. ಅದಕ್ಕೆ ನಾನೇ ಒಂದು ದಿನ ಅಂದೆ, "ನೀವು ಚಾಕು ಇಡಿ ಟೀಚರ್, ಕತೆ ಹೇಳಿ. ನಿಮ್ ದೇವ್ರ ಪುಸ್ತಕದಲ್ಲಿ ಏನೈತೆ?"

ಅವರು ಹೇಳಿದ್ದೇನು ಗೊತ್ತೇ? ನಾನು ಪವಾಡದ ಕತೆ ಬರುತ್ತದೆಂದು ಕಾದಿದ್ದೆ. ಅವರು ಪೂಜಾರಿಗಳ ಕತೆ ತೆಗೆದರು. ಯೇಸುವಿಗಿಂತ ನೂರಾರು ವರ್ಷ ಹಿಂದಿನ ಯೆಹೂದ್ಯರ ಕಾಲದ್ದಂತೆ. ಕುಂಟ ಕುರಿ, ಕುರುಡು ಕುರಿಯನ್ನು ದೇವರಿಗೆ ಬಲಿಕೊಟ್ಟು ಕೈತೊಳೆದುಕೊಂಡ ಪೂಜಾರಿಗಳು. ದಕ್ಷಿಣೆ ಸಿಕ್ಕರೆ ಶುಭ, ಸಿಗದಿದ್ದರೆ ಅಶುಭ ನುಡಿಯುವ ಕಾಲಜ್ಞಾನಿಗಳು. ಕೊಬ್ಬಿದ ಕುರಿ ಕೊಯ್ದು ತಿಂದು, ಉಣ್ಣೆ ಹೊದ್ದು, ಕಾಲು ಮುರಿದ ಕುರಿಯ ಕಡೆ ತಿರುಗಿಯೂ ನೋಡದ ಕುರುಬರು ಎಂದು ಅಂಥವರನ್ನು ಬೈದವನೊಬ್ಬ. ಅವನ ಬಾಯಲ್ಲಿ ದೇವರೇ ಹೇಳಿಸಿದನಂತೆ, ಇನ್ನು ನಿಮ್ಮನ್ನು ನಂಬಿದ್ದು ಸಾಕು, ನನ್ನ ಕುರಿಯನ್ನು ನಾನೇ ಹುಡುಕಿ ತರುತ್ತೇನೆ, ಮುರಿದದ್ದಕ್ಕೆ ನಾನೇ ಪಟ್ಟಿ ಕಟ್ಟುತ್ತೇನೆ ಎಂದು. ಹಾಗೆ ಬೈದವರಲ್ಲಿ ಇನ್ನೊಬ್ಬ ದನ ಕಾಯುವವನು, ಅತ್ತಿಮರದ ಕಾಯಿ ನೋಡಿಕೊಂಡಿದ್ದವನು. ರಾಜನ ಗುಡಿಯ ದೊಡ್ಡ ಪೂಜಾರಿ ಅವನನ್ನು, ನಿನ್ನೂರಿಗೆ ಹೋಗಿ ಹೊಟ್ಟೆ ಹೊರಕೋ ಎಂದು ಅಟ್ಟಿದನಂತೆ.

ನನಗೆ ಬೆರಗಾಗಿತ್ತು. "ಇದನ್ನೆಲ್ಲ ಅವರ ಪೂಜಾರಿಗಳು ಸುಟ್ಟಾಕಲಿಲ್ವಾ ಟೀಚರ್?" ಅಂದೆ.

"ಒಬ್ಬ ರಾಜ ಸುಟ್ಟ ಕಣಮ್ಮ. ಓದಿದ್ದಷ್ಟನ್ನೂ ಚಾಕುವಿನಲ್ಲಿ ಕೊಯ್ದು ಕೊಯ್ದು ಅಗ್ಗಿಷ್ಟಿಕೆಗೆ ಹಾಕಿದ. ಬೈದವರು ಮತ್ತೆ ಕೂತು ಬರೆದರು, ಮೊದಲಿಗಿಂತ ಇನ್ನೂ ನಾಲ್ಕು ಮಾತು ಜಾಸ್ತಿ ಸೇರಿಸಿ" ಎಂದು ಟೀಚರ್ ನಕ್ಕರು.

ತಮ್ಮ ಗುಡಿಯ ಮಾನ ಹೋದದ್ದನ್ನು ತಾವೇ ಬರೆದು, ತಮ್ಮ ದೇವರ ಪುಸ್ತಕದ ಒಳಗೇ ಇಟ್ಟುಕೊಂಡು, ತಲೆಮಾರುಗಟ್ಟಲೆ ಓದಿಕೊಂಡು ಬಂದ ಜನ! ನಾವಾದರೆ ಮನೆಯ ಹುಳುಕು ಕಂಡರೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತೇವೆ. ಆ ಜನದ ಮೇಲೆ ನನಗೆ ಆವತ್ತು ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಟೀಚರ್ ತಮ್ಮ ಕಡೆಯವರನ್ನೂ ಬಿಡುತ್ತಿರಲಿಲ್ಲ. ಅವರ ಊರಿನ ಸಭೆಯ ಪಾದ್ರಿಯೊಬ್ಬರು ಬಡಮಕ್ಕಳಿಗೆ ಬಂದ ಹಾಲಿನ ಪುಡಿಯನ್ನು ನೆಂಟರಿಷ್ಟರಿಗೆ ಹಂಚಿದ್ದರಂತೆ. ಒಂದು ಭಾನುವಾರ ಓದುವ ಸರದಿ ಟೀಚರಿಗೆ ಬಂದಾಗ ಅವರು ಆ ಕುರುಬರ ಭಾಗವನ್ನೇ ಆರಿಸಿ, ಪಾದ್ರಿಯ ಮುಖ ನೋಡಿಕೊಂಡು ಓದಿದರಂತೆ. "ಆವತ್ತಿಂದ ನಾನು ಕೂತ ಬೆಂಚಲ್ಲಿ ಬೇರೆ ಯಾರೂ ಕೂರಲ್ಲ ಕಣಮ್ಮ. ಕಾಲು ನೀಟಾಗಿ ಚಾಚಿಕೊಂಡು ಕೂರ್ತೀನಿ" ಎಂದು ನಗುತ್ತಲೇ ಹೇಳಿದರು. ಹೇಳಿ ಮುಗಿಸಿ ಕನ್ನಡಕ ಒರೆಸಿಕೊಂಡದ್ದನ್ನು ನಾನು ನೋಡಿದೆ.

ಆಷಾಢ ಬಂತು. ಆ ವರ್ಷದ ಗಾಳಿಯೆಂದರೆ ಗಾಳಿ. ತೋಟದಲ್ಲಿ ಹಗಲೆಲ್ಲ ಗರಿ ಬೀಳುವ ಸದ್ದು, ಮಾತಾಡಬೇಕಾದರೆ ಕಿರುಚಬೇಕು. ಮಳೆ ಮಾತ್ರ ಹನಿಯುವುದು, ನಿಲ್ಲುವುದು. ಸೌದೆಯೆಲ್ಲ ತೇವವಾಗಿ ಒಲೆ ಊದಿ ಊದಿ ನನ್ನ ಕಣ್ಣು ಕೆಂಪಾಗಿತ್ತು.

ಅಂಥ ಒಂದು ಸಂಜೆ ಟೀಚರ್ ಏಲಿ ಎಂಬ ಮುದಿ ಪೂಜಾರಿಯ ಕತೆ ಹೇಳಿದರು. ಜಗಲಿಯ ಆ ತುದಿಯಲ್ಲಿ ಮಾವನವರು ಬತ್ತಿ ಹೊಸೆಯುತ್ತ ಕೂತಿದ್ದರು. ಏಲಿಗೆ ಇಬ್ಬರು ಗಂಡುಮಕ್ಕಳು. ಬಲಿಯ ಮಾಂಸ ಬೇಯುತ್ತಿರುವಾಗಲೇ ಅವರ ಆಳು ಮೂರು ಹಲ್ಲಿನ ಕವೆಗೋಲು ತಂದು ಕೊಪ್ಪರಿಗೆಗೆ ಚುಚ್ಚಿ, ಬಂದಷ್ಟನ್ನೂ ಎತ್ತಿಕೊಂಡು ಹೋಗುತ್ತಿದ್ದ. ಬಲಿ ತಂದವರು ಮೊದಲು ದೇವರಿಗಾಗಲಿ ಅಂದರೆ, ಈಗಲೇ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ ಅನ್ನುತ್ತಿದ್ದ. ನನ್ನ ಕೈಯ ಚಾಕು ನಿಂತಿತು. ಟೀಚರಿಗೆ ನಮ್ಮ ಮನೆಯ ಸಂಗತಿ ಏನೂ ತಿಳಿಯದು, ಅವರು ಹೇಳುತ್ತಲೇ ಹೋದರು. ನಾನು ಕೆಮ್ಮಿದೆ, ಕೊಬ್ಬರಿ ಉರುಳಿಸಿದೆ, ಯಾವುದಕ್ಕೂ ಅವರು ನಿಲ್ಲಲಿಲ್ಲ.

ಕತ್ತಲಿನಿಂದ ಮಾವನವರು ಕೇಳಿದರು, "ಆವಯ್ಯ ಮಕ್ಕಳಿಗೆ ಏನೂ ಅನ್ನಲಿಲ್ವಾ?"

"ಅಂದ. ನಿಮ್ಮ ಬಗ್ಗೆ ಕೇಳ್ತಿರೋ ಮಾತು ಒಳ್ಳೇದಲ್ಲ, ಬೇಡ ಮಕ್ಕಳೇ ಅಂದ. ಅಷ್ಟೇ."

"ಅವನಿಗೆ ಕಿವಿ ಕೇಳ್ತಿತ್ತಾ?"

"ಕಣ್ಣು ಮಂಜಾಗಿತ್ತು. ಕಿವಿ ಚೆನ್ನಾಗಿತ್ತು."

ಮಾವನವರು ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದರು. ಆಮೇಲೆ, "ಕೊನೇಗೇನಾಯ್ತು ಆ ಮನೆತನ?" ಅಂದರು.

ಟೀಚರ್ ಸುಳ್ಳು ಹೇಳುವವರಲ್ಲ. "ಹೋಯ್ತು ಯಜಮಾನ್ರೇ. ನನಗಿಂತ ನಿನ್ನ ಮಕ್ಕಳು ಹೆಚ್ಚಾದರು ನಿನಗೆ ಅಂತ ದೇವರು ಹೇಳಿ ಕಳಿಸಿದ. ಆ ಮನೇಲಿ ಮತ್ತೆ ಗುಡಿ ಕೆಲಸ ಉಳೀಲಿಲ್ಲ."

ಹೊಸೆದ ಬತ್ತಿಯನ್ನೆಲ್ಲ ಪಂಚೆಯ ತುದಿಗೆ ಕಟ್ಟಿಕೊಂಡು ಮಾವನವರು ಎದ್ದು ಒಳಗೆ ಹೋದರು. ಆ ರಾತ್ರಿ ಊಟ ಬೇಡವೆಂದರು.

ಬೆಳಗಾದ ಮೇಲೆ ಆದದ್ದು ನನ್ನಿಂದ. ಸೌದೆ ಹತ್ತದೆ ರೇಗಿಹೋಗಿದ್ದ ನಾನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಮುಚ್ಚಿಟ್ಟಿದ್ದ ಒಣಮಟ್ಟೆ ಕಂಡು, ಒಂದು ಹೆಡಿಗೆ ತುಂಬಿ ತಂದು ಬಚ್ಚಲೊಲೆಗೆ ತುರುಕಿದ್ದೆ. ಗುಡಿಯಿಂದ ಬದಲಾಯಿಸಿ ತಂದ ಕಾಯಿಗಳನ್ನು ಅಣ್ಣತಮ್ಮಂದಿರೇ ನಮ್ಮ ಹಿತ್ತಿಲಲ್ಲಿ ಸುಲಿಯುತ್ತಿದ್ದರು. ಬೊಟ್ಟಿನ ಮಟ್ಟೆಯನ್ನು ಗಂಗಣ್ಣ ಬಾವನವರು ಹೀಗೆ ಮುಚ್ಚಿಟ್ಟು, ಆಮೇಲೆ ಹೊಲದಲ್ಲಿ ಸುಟ್ಟುಬಿಡುತ್ತಿದ್ದರು. ನನಗೆ ಅದು ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಒಣಗಿದ ಮಟ್ಟೆ ಸಿಕ್ಕಿತಲ್ಲ ಎನ್ನುವುದಷ್ಟೇ ತಲೆಯಲ್ಲಿತ್ತು. ಹೊಗೆ ಬಾರದೆ ಬೆಂಕಿ ಹತ್ತಿದ್ದಕ್ಕೆ ಖುಷಿಪಟ್ಟೆ.

ಮಾವನವರು ಪೂಜೆಗೆ ಮುಂಚಿನ ಸ್ನಾನಕ್ಕೆ ಬಂದವರು ಎಂದಿನಂತೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿ ಮುಂದಕ್ಕೆ ತಳ್ಳಿದರು. ಆಮೇಲೆ ಬರಿಗೈಯಲ್ಲೇ ಒಂದು ಮಟ್ಟೆಯನ್ನು ಹೊರಗೆಳೆದರು. ಅರ್ಧ ಸುಟ್ಟಿತ್ತು, ಉಳಿದ ಅರ್ಧದ ಮೇಲೆ ಸುಣ್ಣದ ಬೊಟ್ಟು ಬೆಳ್ಳಗೆ ಕೂತಿತ್ತು. ಅವರು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ದಿನದಿಂದ ಕಣವ್ವ ಈ ನೀರಲ್ಲಿ ನಾನು ಮಡಿ ಆಯ್ತಾ ಇರೋದು?"

ನಾನು ಅವರ ಕಾಲ ಮೇಲೆ ಬಿದ್ದು ಎಲ್ಲ ಹೇಳಿಬಿಟ್ಟೆ, ಹಸಿರು ಸೀರೆಯವರೆಗೆ. ಅಳುವಿನ ಸದ್ದಿಗೆ ಅಣ್ಣತಮ್ಮಂದಿರಿಬ್ಬರೂ ಬಂದರು. ಗಂಗಣ್ಣ ಬಾವನವರು, "ಏನಪ್ಪ ಈಗ, ಒಂದು ಮಟ್ಟೆಗೆ ಇಷ್ಟೊಂದಾ?" ಅಂದರು. ಮಾವನವರು ಮಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದರು. ಹಂಡೆಯ ಬಿಸಿನೀರನ್ನು ಬಚ್ಚಲಿಗೆ ಮೊಗಚಿ, ಬಾವಿಗೆ ಹೋಗಿ ತಣ್ಣೀರು ಸೇದಿ ಸುರಿದುಕೊಂಡರು. ಆ ಗಾಳಿಯಲ್ಲಿ ಅವರ ಮೈ ನಡುಗುತ್ತಿತ್ತು. ಉಡಿದಾರದ ಬೀಗದ ಕೈ ನೀರು ತೊಟ್ಟಿಕ್ಕುತ್ತ ನೇತಾಡುತ್ತಿತ್ತು. ಅದೊಂದು ಹೋದರೆ ಅವರಿಗೆ ಈ ಲೋಕದಲ್ಲಿ ಇನ್ನೇನೂ ಉಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅವರು ಬಾಯಿ ಮುಚ್ಚಿಕೊಂಡಿದ್ದರೆ ಅದು ಹೋಗುತ್ತಲೂ ಇರಲಿಲ್ಲ, ಊರಲ್ಲಿ ಗುಸುಗುಸು ಇದ್ದರೂ ನಾವು ನಾಲ್ವರಲ್ಲದೆ ಬೇರೆ ಯಾರಿಗೂ ನಿಜ ತಿಳಿದಿರಲಿಲ್ಲ.

ನಾಲ್ಕು ದಿನಕ್ಕೆ ಶ್ರಾವಣದ ಮೊದಲ ಸೋಮವಾರ. ಊರೆಲ್ಲ ಗುಡಿಯ ಮುಂದೆ ಸೇರಿತ್ತು. ಪ್ರಸಾದದ ಬುಟ್ಟಿ ಬರುತ್ತದೆಂದು ಕಾಯುತ್ತಿದ್ದವರ ಮುಂದೆ ಮಾವನವರು ಆ ಅರೆಸುಟ್ಟ ಮಟ್ಟೆಯನ್ನು ತಂದು ಮೆಟ್ಟಿಲ ಮೇಲೆ ಇಟ್ಟರು.

"ಇದು ನನ್ ಮನೆ ಬಚ್ಚಲೊಲೇಲಿ ಸಿಕ್ತು. ನೀವು ಮೀಸಲು ಬಿಟ್ಟಿದ್ದು ನನ್ ಅಟ್ಟಕ್ಕೋಯ್ತು, ನನ್ ಅಟ್ಟದ ಕೊಳಕು ಬಸವಣ್ಣಂಗೆ ಬಂತು. ಮಾಡಿದ್ದು ಮಕ್ಕಳು. ಕಿವಿಗೆ ಬಿದ್ರೂ ಬೀಳದಂಗೆ ಇದ್ದೋನು ನಾನು. ಕಳ್ಳರಲ್ಲಿ ದೊಡ್ಡ ಕಳ್ಳ ನಾನು ಕಣ್ರಪ್ಪ."

ಅವರು ಉಡಿದಾರಕ್ಕೆ ಕೈಹಾಕಿದರು. ಎಷ್ಟೋ ವರ್ಷದ ಗಂಟು, ಬಿಚ್ಚಲು ಬರಲಿಲ್ಲ. ಕೊನೆಗೆ ದಾರವನ್ನೇ ಕಿತ್ತು ಬೀಗದ ಕೈಯನ್ನು ಮಟ್ಟೆಯ ಪಕ್ಕ ಇಟ್ಟು, ಊರಿಗೆ ಅಡ್ಡಬಿದ್ದರು.

ಯಾರೋ "ಹೋಗ್ಲಿ ಬುಡಿ ರುದ್ರಯ್ಯ, ಬೀಗದ ಕೈ ಎತ್ಕಳಿ" ಅಂದರು. ಇನ್ಯಾರೋ ಗಂಗಣ್ಣ ಬಾವನವರ ಕಡೆ ತಿರುಗಿ ಉಗಿದರು. ಆಗ ಎದ್ದು ಬಂದವಳು ಕೆಂಪಮ್ಮ. ಗಂಡ ಸತ್ತ ಹೆಂಗಸು, ಹಿತ್ತಿಲಲ್ಲಿ ನಾಲ್ಕೇ ಮರ, ಅದರಲ್ಲೂ ಒಂದು ಮೀಸಲು. ಆಕೆ ಸೊಂಟಕ್ಕೆ ಕೈಕೊಟ್ಟು ಹೇಳಿದಳು, "ಬೀಗದ ಕೈ ಒಂದೇ ಮನೇಲಿ ಇದ್ರೆ ತುಕ್ಕು ಹಿಡೀತದೆ. ಮೀಸಲು ಬಿಟ್ಟ ಮನೆಯೋರೆಲ್ಲ ತಿಂಗಳಿಗೊಬ್ರು ಇಟ್ಕೊಳಾನ. ಪೂಜೆ ಮಾತ್ರ ರುದ್ರಯ್ಯನೇ ಮಾಡ್ಲಿ."

"ಪೂಜೆ ಮಾಡ್ತೀನಿ, ಬ್ಯಾರೆಯೋರು ಸಿಗೋಗಂಟ. ಬೀಗದ ಕೈ ಮಾತ್ರ ನನ್ ಹೊಸ್ತಿಲು ದಾಟಬಾರ್ದು" ಅಂದರು ಮಾವನವರು.

ಮೊದಲ ತಿಂಗಳು ಕೆಂಪಮ್ಮನದೇ ಆಯಿತು. ಗಂಡ ಸತ್ತವಳ ಸೆರಗಿನಲ್ಲಿ ಗುಡಿಯ ಬೀಗದ ಕೈ! ಒಂದಿಬ್ಬರು ಮೂಗು ಮುರಿದರು. ಮಾವನವರು ದಿನಾ ಬೆಳಿಗ್ಗೆ ಆಕೆಯ ಬಾಗಿಲಿಗೆ ಹೋಗಿ, ಒದ್ದೆ ಪಂಚೆಯಲ್ಲಿ ನಿಂತು, "ಕೆಂಪಮ್ಮ, ಬಾಗಿಲು ತೆಗೀ ಬಾರವ್ವ" ಅಂತ ಕರೆಯುತ್ತಿದ್ದರು. ಅದನ್ನು ನೋಡಿ ಮುರಿದ ಮೂಗುಗಳು ತಾವಾಗಿ ಸರಿಹೋದವು.

ಗಂಗಣ್ಣ ಬಾವನವರು ಗಂಟುಮೂಟೆ ಕಟ್ಟಿಕೊಂಡು ತುರುವೇಕೆರೆಗೆ ಹೋದರು, ಮತ್ತೆ ಬರಲಿಲ್ಲ. ನಮ್ಮೆಜಮಾನರು ನನ್ನೊಡನೆ ಮೂರು ತಿಂಗಳು ಮಾತಾಡಲಿಲ್ಲ. ರೇಡಿಯೋ ಮೂಲೆ ಸೇರಿತು. ಸೀರೆಯನ್ನು ನಾನು ಉಡಲಾರದೆ, ಯಾರಿಗೂ ಕೊಡಲಾರದೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮಾವನವರು ಪೂಜೆ ಮುಗಿಸಿ ಬಂದವರು ತೋಟದಲ್ಲಿ ಒಬ್ಬರೇ ಕೂರುತ್ತಿದ್ದರು. ಟೀಚರಿಗೆ ಇದೆಲ್ಲ ತಮ್ಮ ಕತೆಯಿಂದ ಆಯಿತೆಂದು ಸಂಕಟ. ಉತ್ತರೆ ಮಳೆ ಚೆನ್ನಾಗಿ ಹೊಡೆದು ತೋಟದಲ್ಲೆಲ್ಲ ಹಸಿವಾಸನೆ ತುಂಬಿದ್ದ ಒಂದು ದಿನ ಅವರು ನನ್ನನ್ನೂ ಕರೆದುಕೊಂಡು ಮಾವನವರ ಹತ್ತಿರ ಹೋದರು.

"ಯಜಮಾನ್ರೇ, ಆವತ್ತು ಅರ್ಧ ಹೇಳಿದ್ದೆ. ಬೈದ ಆ ಜನರೇ ಇನ್ನೊಂದು ಮಾತೂ ಹೇಳಿದ್ದಾರೆ. ಕಡಿದು ಬಿದ್ದ ಮರದ ಮೋಟಿನಿಂದ ಒಂದು ಚಿಗುರು ಬರುತ್ತೆ, ಅದು ಬಡವರಿಗೆ ನ್ಯಾಯ ಮಾಡುತ್ತೆ ಅಂತ."

ಮಾವನವರು ಆ ತಿಂಗಳುಗಳಲ್ಲಿ ಮೊದಲ ಸಲ ನಕ್ಕರು. "ತೆಂಗಿನ ಮೋಟು ಚಿಗುರೋದ ಎಲ್ಲಾದ್ರೂ ಕಂಡಿದ್ದೀಯಾ ತಾಯಿ? ಸುಳಿ ಹೋದ್ರೆ ಮುಗೀತು, ಮರ ಹೋದಂಗೆ."

ಟೀಚರ್ ತಬ್ಬಿಬ್ಬಾದರು. "ಅವರ ನಾಡಿನ ಮರ ಬೇರೆ... ನಮ್ಮ ಹುಣಸೆ, ಹೊಂಗೆ ಚಿಗುರೋ ಹಾಗೆ" ಎಂದು ತಡವರಿಸಿದರು.

"ಹೊಂಗೆ ಚಿಗುರ್ತದೆ, ಸರಿ. ನಾವು ತೆಂಗಿನೋರು" ಅಂದ ಮಾವನವರು ಕಾಲ ಹತ್ತಿರ ಬಿದ್ದಿದ್ದ ಕಾಯಿಯೊಂದನ್ನು ಕೈಗೆತ್ತಿಕೊಂಡರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ತೆಂಗು ಕಾಯಿಂದಾನೇ ಬರಬೇಕು. ಒಳ್ಳೆ ಕಾಯಿಂದ" ಅಂದರು.

ಕಾರ್ತಿಕದ ಮೊದಲ ಸೋಮವಾರ ಬೊಟ್ಟಿನ ಮಟ್ಟೆಗಳನ್ನು ಗುಡಿಯ ಮುಂದೆ ಸುಟ್ಟರು. ಆ ದಿನವೇ ಮಾವನವರು ಕೆಂಪಮ್ಮನ ಮೀಸಲು ಮರದ ಕಾಯಿಯಿಂದ ಎದ್ದ ಒಂದು ಸಸಿಯನ್ನು ಆಕೆಯಿಂದ ಕೇಳಿ ಪಡೆದು, ಗುಡಿಯ ಹಿಂದೆ ನೆಟ್ಟರು. ಆ ತಿಂಗಳು ಬೀಗದ ಕೈ ಇಟ್ಟುಕೊಂಡಿದ್ದ ಮನೆಯವರು, "ಇನ್ನಾದ್ರೂ ನಿಮ್ ಮನೇಗೂ ಸರದಿ ಬರ್ಲಿ ರುದ್ರಯ್ಯ" ಅಂದರು.

"ಇದು ಹೊಂಬಾಳೆ ಬುಡಲಿ. ಇದರ ಕಾಯಿ ಅಟ್ಟದಲ್ಲಿ ಒಣಗಲಿ. ಆಮೇಲೆ ನೋಡಾನ."

ತೆಂಗು ಹೊಂಬಾಳೆ ಬಿಡಲು ಏಳೆಂಟು ವರ್ಷ, ಕಾಯಿ ಬಲಿಯಲು ಒಂದು ವರ್ಷ, ಒಣಗಲು ಇನ್ನೊಂದು. ಅವರು ತಮಗೆ ತಾವೇ ವಿಧಿಸಿಕೊಂಡ ಶಿಕ್ಷೆ ಎಷ್ಟು ಉದ್ದವೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಮಾರನೆಯ ಬೆಳಿಗ್ಗೆ ನಾನು ನೀರಿಗೆ ಹೋದಾಗ ನಮ್ಮೆಜಮಾನರು ಹೆಗಲ ಮೇಲೆ ಕೊಡ ಹೊತ್ತು ಗುಡಿಯ ಹಿಂದಕ್ಕೆ ಹೋಗುತ್ತಿದ್ದರು. ನನ್ನನ್ನು ನೋಡಿ, "ಏನೇ ಹಂಗ್ ನೋಡ್ತೀಯ, ಇನ್ನೊಂದು ಕೊಡ ತತ್ತಾ" ಅಂದರು. ಮೂರು ತಿಂಗಳ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಟೀಚರಿಗೆ ಮುಂದಿನ ವರ್ಷವೇ ಚಿಕ್ಕನಾಯಕನಹಳ್ಳಿ ಕಡೆಗೆ ವರ್ಗವಾಯಿತು. ಹೋಗುವ ದಿನ ಮಾವನವರು ಮತ್ತೆ ಅವರ ಪೆಟ್ಟಿಗೆ ಹೊತ್ತು ಬಸ್ಸಿನವರೆಗೆ ಹೋದರು. ಸತ್ಯ ಹೇಳಿ ಒಂಟಿಯಾಗಿ ಬೆಂಚಿನಲ್ಲಿ ಕೂತ ಆಕೆಯನ್ನೂ, ಸತ್ಯ ಕೇಳಿ ಮೆಟ್ಟಿಲ ಮೇಲೆ ಬೀಗದ ಕೈ ಇಟ್ಟ ಈ ಮುದುಕರನ್ನೂ ನೆನೆದಾಗಲೆಲ್ಲ ನನಗೆ, ಇಂಥ ಇಬ್ಬರು ನನ್ನ ಜಗಲಿಯಲ್ಲಿ ಕೂತಿದ್ದರಲ್ಲ ಎಂದು ಹೆಮ್ಮೆಯಾಗುತ್ತದೆ.

ಬೇಸಿಗೆಗಳು ಬಂದವು, ಹೋದವು. ನಮ್ಮೆಜಮಾನರು ಒಂದು ದಿನವೂ ತಪ್ಪದೆ ನೀರು ಹೊತ್ತರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಮರದ ಮೊದಲ ಕಾಯಿ ಗುಡಿಯ ಅಟ್ಟದಲ್ಲಿ ವರ್ಷ ಪೂರೈಸಿತು. ಅಷ್ಟರಲ್ಲಿ ಮಾವನವರ ಕಿವಿ ಪೂರ್ತಿ ಹೋಗಿತ್ತು. ಪಕ್ಕದಲ್ಲಿ ತಮಟೆ ಬಡಿದರೂ ಕೇಳುತ್ತಿರಲಿಲ್ಲ. ಅವರು ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಾಗ ಆ ತಿಂಗಳ ಸರದಿಯಲ್ಲಿದ್ದ ಕೆಂಪಮ್ಮ ಬೀಗದ ಕೈ ಹಿಡಿದು, ನಮ್ಮೆಜಮಾನರು ಬೊಟ್ಟಿಟ್ಟ ಆ ಕಾಯಿ ಹಿಡಿದು ಬಂದರು. ನಮ್ಮೆಜಮಾನರು ಕಾಯಿಯನ್ನು ಅಪ್ಪನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಮಗೆಲ್ಲ ಗಡಗಡ ಕೇಳಿತು. ಮಾವನವರು ತಲೆಯಾಡಿಸಿ, ಕೇಳದೆಂದು ಕೈಮಾಡಿದರು.

ನಮ್ಮೆಜಮಾನರು ಕೆಳಗೆ ಕೂತು ಅಪ್ಪನ ಎರಡೂ ಅಂಗೈಯನ್ನು ಕಾಯಿಯ ಮೇಲಿಟ್ಟು, ತಮ್ಮ ಕೈಯನ್ನು ಅದರ ಮೇಲಿಟ್ಟು ಮೆಲ್ಲಗೆ ಅಲ್ಲಾಡಿಸಿದರು. ಮಾವನವರು ಕಣ್ಣು ಮುಚ್ಚಿಕೊಂಡರು. ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುವುದು ಅವರ ಕೈಗೆ ತಿಳಿಯಿತು.

"ಒಣಗೈತೆ ಕಣ್ಲಾ ನಂಜ" ಅಂದರು. ಆಮೇಲೆ ಕೆಂಪಮ್ಮನ ಕಡೆ ಅಂಗೈ ಚಾಚಿದರು. ಆಕೆ ಅದರಲ್ಲಿ ಬೀಗದ ಕೈಯನ್ನಿಟ್ಟಳು. ಅವರು ಅದನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಳ್ಳಲಿಲ್ಲ, ಮಗನ ಕೈಗೂ ಕೊಡಲಿಲ್ಲ. ನನ್ನನ್ನು ಹತ್ತಿರ ಕರೆದು, ನನ್ನ ಸೆರಗಿನ ತುದಿಗೆ ತಾವೇ ಗಂಟು ಹಾಕಿ, "ಒಂದು ತಿಂಗಳು ಕಣವ್ವ. ಆಮೇಲೆ ಮುಂದಿನ ಮನೇಗೆ" ಅಂದರು.